ಪುಸ್ತಕದಲ್ಲಿ ನಿಮಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಯಾವುದು? ಆರಂಭವೋ, ನಡುವೋ, ಕೊನೆಯೋ?

ನಡುಪುಟ

ಪುಸ್ತಕಗಳ ಬಗ್ಗೆ ಮಾತು ಶುರುವಾದರೆ ಹೊಗಳಿಕೆಯೆಲ್ಲ ಎರಡೇ ಜಾಗಕ್ಕೆ ಸಲ್ಲುತ್ತದೆ. "ಮೊದಲ ಪುಟದಲ್ಲೇ ಹಿಡಿದು ಕೂರಿಸಿತು" ಎನ್ನುತ್ತಾರೆ, ಇಲ್ಲವೇ "ಕೊನೆಯ ಅಧ್ಯಾಯ ಓದಿದ ಮೇಲೆ ನಿದ್ದೆ ಬರಲಿಲ್ಲ" ಎನ್ನುತ್ತಾರೆ. 300 ಪುಟದ ಕಾದಂಬರಿಯಲ್ಲಿ ಮೊದಲ 20, ಕೊನೆಯ 20 ಬಿಟ್ಟರೆ ನಡುವೆ 260 ಪುಟ ಉಳಿಯುತ್ತವಲ್ಲ, ಅವುಗಳ ಸುದ್ದಿಗೇ ಯಾರೂ ಹೋಗುವುದಿಲ್ಲ. ನನಗಂತೂ ಪುಸ್ತಕ ಎಂದರೆ ಆ 260 ಪುಟವೇ.

ಯಾಕೆ ಅಂತ ಹೇಳುತ್ತೇನೆ. ಆರಂಭ ಬರೆಯುವಾಗ ಲೇಖಕರಿಗೆ ಹುರುಪಿರುತ್ತದೆ, ಅದನ್ನು ಮತ್ತೆ ಮತ್ತೆ ತಿದ್ದಿರುತ್ತಾರೆ. ಕೊನೆಗೆ ಬಂದಾಗ ಕಥೆಯ ವೇಗವೇ ಅವರನ್ನು ಎಳೆದುಕೊಂಡು ಹೋಗುತ್ತದೆ. ನಡುವೆ ಈ ಎರಡೂ ಆಸರೆ ಇಲ್ಲ. ತಮ್ಮ ಪಾತ್ರಗಳನ್ನು ಅವರು ನಿಜವಾಗಿ ಬಲ್ಲರೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಒಂದು ಸನ್ನಿವೇಶ ಇಟ್ಟುಕೊಳ್ಳಿ. ಕಾದಂಬರಿಯಲ್ಲಿ ಒಬ್ಬ ಅಪ್ಪ ತೀರಿಕೊಳ್ಳುತ್ತಾನೆ. ಆ ಸಾವನ್ನು ಚೆನ್ನಾಗಿ ಬರೆಯಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನಾನು ನೋಡುವುದು ಅದರ ಮುಂದಿನ ಅಧ್ಯಾಯ. ಅಲ್ಲಿ ಮಗಳು ಅಪ್ಪನ ಬೀರುವಿನ ಬೀಗದ ಕೈ ಹುಡುಕುತ್ತಿದ್ದಾಳೆ. ಅಂಗಿಯ ಜೇಬಿನಲ್ಲಿಲ್ಲ, ಗೋಡೆಯ ಮೊಳೆಯಲ್ಲಿಲ್ಲ, ಮೇಜಿನ ಖಾನೆಯಲ್ಲೂ ಇಲ್ಲ. ಎಲ್ಲಿಟ್ಟಿದ್ದೀರಿ ಎಂದು ಕೇಳಲು ಬಾಯಿ ತೆರೆದವಳು ಅಲ್ಲೇ ತಡೆಯುತ್ತಾಳೆ. ಅಷ್ಟೇ, ಅರ್ಧ ಪುಟ. ಅದು ಇಲ್ಲದಿದ್ದರೂ ಕಥೆಗೆ ಏನೂ ಆಗುತ್ತಿರಲಿಲ್ಲ. "ಮೂರು ತಿಂಗಳು ಕಳೆದವು" ಎಂದು ಬರೆದು ದಾಟಿಬಿಡಬಹುದಿತ್ತು. ದಾಟದೆ ನಿಂತರಲ್ಲ, ನನಗೆ ಆ ಲೇಖಕರ ಮೇಲೆ ನಂಬಿಕೆ ಹುಟ್ಟುವುದು ಅಲ್ಲಿ. ಆಮೇಲೆ ಅವರು ಎಂಥ ಕೊನೆ ಕೊಟ್ಟರೂ ಒಪ್ಪಿಕೊಳ್ಳುತ್ತೇನೆ.

ದಾಟಿಹೋಗಬಹುದಾಗಿದ್ದ ಕಡೆ ದಾಟದೆ ನಿಂತ ಪುಟಗಳೇ ಓದುಗರಿಗೆ ಎಲ್ಲಕ್ಕಿಂತ ಮುಖ್ಯ ಅನ್ನುವುದು ನನ್ನ ವಾದ. ನೀವೇನಂತೀರಿ? ಕಥೆ, ಕಾದಂಬರಿ ಮಾತ್ರವಲ್ಲ, ಯಾವ ಬಗೆಯ ಪುಸ್ತಕದ ಬಗ್ಗೆಯಾದರೂ ಬರೆಯಿರಿ.

ಮೊದಲಸಾಲು

ಬೀಗದ ಕೈ ಹುಡುಕುವ ಮಗಳು ಮನಸ್ಸಿನಲ್ಲಿ ಉಳಿದಳು, ನಡುಪುಟ ಅವರೇ. ವಾದ ಮಾತ್ರ ಒಪ್ಪಲಾಗುತ್ತಿಲ್ಲ. ನಡುವಿನವರೆಗೆ ತಲುಪಿದವರಿಗೆ ತಾನೇ ನಡು? ಆರಂಭ ಸೋತರೆ ಆ 260 ಪುಟ ಯಾರ ಕಣ್ಣಿಗೂ ಬೀಳುವುದಿಲ್ಲ.

2014ರಲ್ಲಿ ಜೋರ್ಡನ್ ಎಲ್ಲೆನ್‌ಬರ್ಗ್ ಎಂಬ ಗಣಿತಜ್ಞ ಒಂದು ಲೆಕ್ಕ ಹಾಕಿದ್ದರು. ಕಿಂಡಲ್ ಎಂಬ ಇ-ಪುಸ್ತಕದ ಸಾಧನದಲ್ಲಿ ಒಂದು ಪುಸ್ತಕಕ್ಕೆ ಓದುಗರು ಅತಿ ಹೆಚ್ಚು ಗೆರೆ ಎಳೆದ 5 ವಾಕ್ಯಗಳನ್ನು ತೆಗೆದುಕೊಂಡು, ಅವು ಸರಾಸರಿ ಎಷ್ಟನೇ ಪುಟದಲ್ಲಿವೆ ಎಂದು ನೋಡಿ, ಅದನ್ನು ಒಟ್ಟು ಪುಟಗಳಿಂದ ಭಾಗಿಸುವುದು. ಎಲ್ಲರೂ ಪೂರ್ತಿ ಓದಿದ್ದರೆ ಗೆರೆಗಳು ಪುಸ್ತಕದ ಉದ್ದಕ್ಕೂ ಹರಡಿರಬೇಕು. ಸ್ಟೀಫನ್ ಹಾಕಿಂಗ್ ಅವರ ಹೆಸರಾಂತ ಪುಸ್ತಕ "ಎ ಬ್ರೀಫ್ ಹಿಸ್ಟರಿ ಆಫ್ ಟೈಮ್"ಗೆ ಬಂದ ಉತ್ತರ 6.6%. ಥಾಮಸ್ ಪಿಕೆಟ್ಟಿಯವರ ಬಂಡವಾಳದ ಮೇಲಿನ ದಪ್ಪ ಪುಸ್ತಕಕ್ಕೆ 2.4%. ಇದು ವಿಜ್ಞಾನವಲ್ಲ ಎಂದು ಅವರೇ ಹೇಳಿದ್ದರು, ಓದಿದ ಪುಟಗಳನ್ನು ಅದು ನೇರವಾಗಿ ಅಳೆಯುವುದೂ ಇಲ್ಲ. ಆದರೂ ಜನ ಎಲ್ಲಿ ಕೈಬಿಡುತ್ತಾರೆ ಎಂಬುದರ ಸುಳಿವು ಅದರಲ್ಲಿದೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಯಾರು ಹೇಳುತ್ತಿದ್ದಾರೆ, ಎಷ್ಟು ದೂರದಿಂದ ಹೇಳುತ್ತಿದ್ದಾರೆ, ಅವರ ಮಾತನ್ನು ಎಷ್ಟು ನಂಬಬೇಕು, ಇವೆಲ್ಲ ಆರಂಭದಲ್ಲೇ ತೀರ್ಮಾನವಾಗುತ್ತವೆ. ನಮ್ಮ ಹಳೆಯ ಶಾಸ್ತ್ರಗ್ರಂಥದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳುತ್ತಿದ್ದರು. ಏನು ಹೇಳುತ್ತೇನೆ, ಅದರಿಂದ ಏನು ಪ್ರಯೋಜನ, ಪುಸ್ತಕಕ್ಕೂ ಆ ವಿಷಯಕ್ಕೂ ಏನು ನಂಟು, ಓದಲು ಯಾರು ತಕ್ಕವರು. ಈ ನಾಲ್ಕನ್ನು ಮೊದಲ ಪುಟಗಳಲ್ಲಿ ಬಿಡಿಸಿ ಹೇಳುವ ಪುಸ್ತಕ ಇವತ್ತಿಗೂ ಓದುಗರ ಹೊತ್ತಿಗೆ ಬೆಲೆ ಕೊಡುತ್ತದೆ ಅನ್ನುತ್ತೇನೆ.

ನೆನಪಿನಂಗಳ

ನನ್ನ ಮತ ಕೊನೆಗೆ. ಇದು ಬರೀ ರುಚಿಯ ಮಾತಲ್ಲ, ನೆನಪು ಕೆಲಸ ಮಾಡುವ ರೀತಿಯೇ ಹಾಗಿದೆ.

1993ರಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಕೆಲವರಿಗೆ ಗೊತ್ತಿರಬಹುದು. ಒಂದು ಸಲ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಡಬೇಕು. ಇನ್ನೊಂದು ಸಲ ಅದೇ ನೀರಿನಲ್ಲಿ 60 ಸೆಕೆಂಡು ಇಟ್ಟು, ಜೊತೆಗೆ ಇನ್ನೂ 30 ಸೆಕೆಂಡು. ಆ 30 ಸೆಕೆಂಡಿನಲ್ಲಿ ಮಾತ್ರ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸುತ್ತಾರೆ. ಮತ್ತೊಮ್ಮೆ ಮಾಡುವುದಾದರೆ ಯಾವುದು ಬೇಕು ಎಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನು. ಒಟ್ಟು ಕಷ್ಟ ಅದರಲ್ಲೇ ಜಾಸ್ತಿ, ಆದರೆ ಕೊನೆ ಸ್ವಲ್ಪ ಹಿತವಾಗಿತ್ತು. ಒಂದು ಅನುಭವದ ಅತ್ಯಂತ ತೀವ್ರ ಗಳಿಗೆ ಮತ್ತು ಅದರ ಮುಕ್ತಾಯ, ಇವೆರಡೇ ನೆನಪಿನ ತೀರ್ಪನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ ಎಂಬುದು ಅವರ ತೀರ್ಮಾನ.

ಓದಿ ಮುಗಿಸಿದ ಪುಸ್ತಕ ಬದುಕುವುದು ನೆನಪಿನಲ್ಲಿ ತಾನೇ? ವರ್ಷಗಳಾದ ಮೇಲೆ ಬೀಗದ ಕೈಯ ಅರ್ಧ ಪುಟ ಎಷ್ಟು ಜನರಿಗೆ ನೆನಪಿರುತ್ತದೆ? "ಕೊನೆಯಲ್ಲಿ ಅವಳು ವಾಪಸು ಬರಲಿಲ್ಲ" ಅನ್ನುವುದು ಎಲ್ಲರಿಗೂ ನೆನಪಿರುತ್ತದೆ.

ನಡುಪುಟ

ನೆನಪಿನಂಗಳ ಅವರೇ, ಆ ಪ್ರಯೋಗದಲ್ಲಿ ಉತ್ತುಂಗಕ್ಕೂ ಪಾಲಿದೆ ಎಂದು ನೀವೇ ಬರೆದಿದ್ದೀರಿ. ಒಳ್ಳೆಯ ಪುಸ್ತಕದ ಉತ್ತುಂಗ ಎಷ್ಟೋ ಸಲ ನಡುವೆಯೇ ಇರುತ್ತದೆ.

ಕೊನೆಯೇ ಸರ್ವಸ್ವವಾಗಿದ್ದರೆ ಕೊನೆ ಗೊತ್ತಿರುವ ಕಥೆಯನ್ನು ಯಾರೂ ಮುಟ್ಟಬಾರದಿತ್ತು. ಮಹಾಭಾರತದ ಯುದ್ಧದಲ್ಲಿ ಯಾರು ಉಳಿಯುತ್ತಾರೆ ಎಂದು ತಿಳಿದುಕೊಳ್ಳಲು ಯಾರೂ ಅದನ್ನು ಓದುವುದಿಲ್ಲ. ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ಇವಾನ್ ಇಲಿಚ್‌ನ ಸಾವಿನ ಕಥೆಯಲ್ಲಿ ಸಾವು ಹೆಸರಿನಲ್ಲೇ ಇದೆ. ಮೊದಲ ಅಧ್ಯಾಯದಲ್ಲೇ ಅವನು ಸತ್ತ ಸುದ್ದಿ ಬರುತ್ತದೆ, ಸಹೋದ್ಯೋಗಿಗಳು ಅವನ ಖಾಲಿಯಾದ ಹುದ್ದೆಯ ಲೆಕ್ಕ ಹಾಕತೊಡಗುತ್ತಾರೆ. ಅದಾದ ಮೇಲೂ ನಾವು ಓದುತ್ತೇವೆ, ಮೊದಲಿಗಿಂತ ಹೆಚ್ಚು ಗಮನವಿಟ್ಟು ಓದುತ್ತೇವೆ. ಏನಾಗುತ್ತದೆ ಎಂಬ ಪ್ರಶ್ನೆಯನ್ನು ತೆಗೆದುಹಾಕಿ, ಹೇಗೆ ಬದುಕಿದ ಎಂಬುದನ್ನಷ್ಟೇ ಅವರು ನಮ್ಮ ಮುಂದೆ ಉಳಿಸಿದ್ದಾರೆ.

ಇರುಳೋದು

ಕೊನೆ ಮೊದಲೇ ತಿಳಿದರೆ ರುಚಿ ಕೆಡುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳೂ ಆಗಿವೆ. 2011ರಲ್ಲಿ ಲೀವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 12 ಸಣ್ಣಕಥೆಗಳನ್ನು ಇಟ್ಟುಕೊಂಡು ನೋಡಿದಾಗ, ಕೊನೆ ಮೊದಲೇ ಗೊತ್ತಿದ್ದವರು ಕಥೆಯನ್ನು ಹೆಚ್ಚು ಮೆಚ್ಚಿದ್ದರು. 2015ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬಾಮ್ ಮಾಡಿದ ಅಧ್ಯಯನದಲ್ಲಿ ಇದಕ್ಕೆ ತದ್ವಿರುದ್ಧ ಫಲ ಬಂತು. ಹೀಗಾಗಿ ಇದರಿಂದ ಯಾರ ವಾದವೂ ಗೆಲ್ಲುವುದಿಲ್ಲ.

ಆದರೆ ಕೊನೆ ಬದಲಾದರೆ ಪುಸ್ತಕವೇ ಬದಲಾಗುತ್ತದೆ ಎಂಬುದಕ್ಕೆ ಅಧ್ಯಯನ ಬೇಕಿಲ್ಲ. ಆಂಟನಿ ಬರ್ಜೆಸ್ 1962ರಲ್ಲಿ ಬರೆದ ಕ್ಲಾಕ್‌ವರ್ಕ್ ಆರೆಂಜ್ ಕಾದಂಬರಿಗೆ 21 ಅಧ್ಯಾಯ. ಅಮೆರಿಕದ ಆವೃತ್ತಿಯಲ್ಲಿ ಕೊನೆಯ ಅಧ್ಯಾಯವನ್ನೇ ಕೈಬಿಟ್ಟರು, ಅದು ಅಲ್ಲಿ ಮರಳಿ ಸೇರಿದ್ದು 1986ರಲ್ಲಿ. 20 ಅಧ್ಯಾಯ ಓದಿದವರಿಗೆ ಹಿಂಸೆಯಲ್ಲೇ ಸುಖ ಕಾಣುವ ಕಥಾನಾಯಕ ಹುಡುಗ ಬದಲಾಗುವುದೇ ಇಲ್ಲ. 21 ಓದಿದವರ ಪಾಲಿಗೆ ಅವನು ಬೆಳೆಯುತ್ತಾನೆ, ಹಿಂಸೆ ಅವನಿಗೇ ಸಾಕಾಗುತ್ತದೆ. ನಡುವಿನ ಪುಟಗಳಲ್ಲಿ ವ್ಯತ್ಯಾಸವಿಲ್ಲ, ಅವುಗಳ ಅರ್ಥ ಮಾತ್ರ ಬೇರೆ. 1971ರ ಸಿನಿಮಾ ನೋಡಿದವರಿಗೆ ಸಿಕ್ಕಿದ್ದೂ ಆ ಕೊನೆಯಿಲ್ಲದ ಕಥೆಯೇ.

ಡಿಕನ್ಸ್ ಕೂಡ 1861ರಲ್ಲಿ ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್ ಮುಗಿಸುವಾಗ ಮೊದಲು ಬರೆದ ಕೊನೆಯನ್ನು ಬದಲಿಸಿದರು. ಕಾದಂಬರಿಕಾರ ಮಿತ್ರ ಬುಲ್ವರ್ ಲಿಟ್ಟನ್ ಕೊಟ್ಟ ಸಲಹೆ ಅದು. ಮೊದಲಿನದರಲ್ಲಿ ಕಥಾನಾಯಕ ಪಿಪ್ ಮತ್ತು ಅವನು ಪ್ರೀತಿಸಿದ ಎಸ್ಟೆಲ್ಲಾ ಬೀದಿಯಲ್ಲಿ ಸ್ವಲ್ಪ ಹೊತ್ತು ಭೇಟಿಯಾಗಿ ಬೇರಾಗುತ್ತಾರೆ. ಅಚ್ಚಾದದ್ದರಲ್ಲಿ ಹಾಳುಬಿದ್ದ ತೋಟದಿಂದ ಜೊತೆಯಾಗಿ ಹೊರಬರುತ್ತಾರೆ. ಡಿಕನ್ಸ್ ತೀರಿಕೊಂಡ ಮೇಲೆ ಅವರ ಜೀವನಚರಿತ್ರೆ ಬರೆದ ಫಾರ್‌ಸ್ಟರ್ ಹಳೆಯ ಕೊನೆಯನ್ನೂ ಪ್ರಕಟಿಸಿದರು. ಯಾವುದು ಸರಿ ಎಂಬ ಜಗಳ ಇನ್ನೂ ನಿಂತಿಲ್ಲ. ನನಗೆ ಹಳೆಯದೇ ಸರಿ ಅನ್ನಿಸುತ್ತದೆ. ಪಿಪ್ ಕಲಿತ ಪಾಠಕ್ಕೆ ಬಹುಮಾನ ಸಿಗಬಾರದು.

ಅಕಾರಾದಿ

ಇಲ್ಲಿಯವರೆಗೆ ಬರೀ ಕಥೆ, ಕಾದಂಬರಿಯ ಮಾತಾಯಿತು. ಕಾನೂನು, ವೈದ್ಯ, ಇತಿಹಾಸ, ಕೃಷಿಯ ಪುಸ್ತಕಗಳೂ ಪುಸ್ತಕಗಳೇ. ಅವುಗಳನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ, ಅಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಡೆಯಲ್ಲಿರುವ ಪದಸೂಚಿ. ನಾನು ಸೂಚಿ ತಯಾರಿಸುವ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಓದುಗರಿಗೆ ಇಡೀ ಪುಸ್ತಕ ಓದಲು ಪುರುಸೊತ್ತಿಲ್ಲ ಎಂಬುದು ಇವತ್ತಿನ ಗೋಳಲ್ಲ. ರೋಮಿನ ಪ್ಲಿನಿ ಕ್ರಿ.ಶ. 77ರ ಸುಮಾರಿಗೆ ನಿಸರ್ಗದ ಬಗ್ಗೆ 37 ಸಂಪುಟ ಬರೆದಾಗ ಮೊದಲ ಸಂಪುಟವನ್ನೇ ಪರಿವಿಡಿಯಾಗಿ ಮಾಡಿದ್ದ. ಚಕ್ರವರ್ತಿಯ ಮಗ ಟೈಟಸ್‌ಗೆ ಬರೆದ ಅರ್ಪಣೆಯ ಪತ್ರದಲ್ಲಿ, ನೀವು ಎಲ್ಲವನ್ನೂ ಓದಬೇಕಾಗಿ ಬರಬಾರದು, ಪ್ರತಿಯೊಬ್ಬರೂ ತಮಗೆ ಬೇಕಾದದ್ದನ್ನು ಹುಡುಕಿಕೊಳ್ಳಲಿ ಎಂದು ಇದನ್ನು ಸೇರಿಸಿದ್ದೇನೆ ಅಂತ ಹೇಳಿಕೊಂಡಿದ್ದಾನೆ. ಓದುಗರ ಬಗ್ಗೆ ಅಷ್ಟು ಕಾಳಜಿ ಅವನಿಗಿತ್ತು.

ಪುಟ ತೋರಿಸುವ ಸೂಚಿ ಬರಲು ಮಾತ್ರ ಬಹಳ ಕಾಲ ಬೇಕಾಯಿತು. ಹಸ್ತಪ್ರತಿಯ ಕಾಲದಲ್ಲಿ ಒಂದೇ ಗ್ರಂಥದ ಎರಡು ಪ್ರತಿಗಳಲ್ಲಿ ಒಂದೇ ಮಾತು ಬೇರೆ ಬೇರೆ ಹಾಳೆಯಲ್ಲಿ ಬರುತ್ತಿತ್ತು. ಹಾಗಾಗಿ ಒಂದು ಪ್ರತಿಯ ಹಾಳೆಸಂಖ್ಯೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ, ಅಧ್ಯಾಯ, ಶ್ಲೋಕ ಹೇಳಿದರೆ ಮಾತ್ರ ಎಲ್ಲ ಪ್ರತಿಗೂ ಹೊಂದುತ್ತಿತ್ತು. ಅಚ್ಚು ಬಂದು ಎಲ್ಲ ಪ್ರತಿಗಳೂ ಒಂದೇ ಆದ ಮೇಲೆ ಪುಟಸಂಖ್ಯೆಗೆ ಅರ್ಥ ಬಂತು. 1470ರಲ್ಲಿ ಕೊಲೋನ್‌ನಲ್ಲಿ ಅಚ್ಚಾದ ಒಂದು ಸಣ್ಣ ಧರ್ಮೋಪದೇಶದ ಪುಸ್ತಕದಲ್ಲಿ ಹಾಳೆಗಳಿಗೆ ಅಚ್ಚಿನ ಸಂಖ್ಯೆ ಕಾಣಿಸಿಕೊಂಡಿತು. ಈಗ ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದ ಕೂಡಲೇ ಪುಟಗಳೆಲ್ಲ ಸರಿಯುತ್ತವೆ, ಹಸ್ತಪ್ರತಿಯ ಕಾಲದ ತೊಡಕೇ ಮತ್ತೆ ಎದುರಾಗಿದೆ. ಪುಟಸಂಖ್ಯೆಯ ಬದಲು ಆ ಜಾಗಕ್ಕೇ ಕೊಂಡಿ ಕೊಡಬೇಕು.

ಇ-ಪುಸ್ತಕದಲ್ಲಿ ಹುಡುಕುವ ಸೌಲಭ್ಯ ಇದೆಯಲ್ಲ, ಸೂಚಿ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಹುಡುಕಾಟ ಕೊಡುವುದು ಅಕ್ಷರಗಳು ಹೊಂದುವ ಜಾಗವನ್ನು ಮಾತ್ರ. ನೀರಾವರಿಯ ಒಂದು ಪುಸ್ತಕ ತೆಗೆದುಕೊಳ್ಳಿ. ಲೇಖಕರು ಉದ್ದಕ್ಕೂ "ಕೊಳವೆಬಾವಿ" ಎಂದೇ ಬರೆದಿದ್ದಾರೆ. ಓದುಗರ ತಲೆಯಲ್ಲಿರುವುದು "ಬೋರ್‌ವೆಲ್". ಹುಡುಕಿದರೆ ಏನೂ ಸಿಗುವುದಿಲ್ಲ. ಸೂಚಿಯಲ್ಲಿ ನಾನು "ಬೋರ್‌ವೆಲ್: ನೋಡಿ ಕೊಳವೆಬಾವಿ" ಎಂದು ಹಾಕುತ್ತೇನೆ. ಮತ್ತೆ, ಕೊಳವೆಬಾವಿ ಎಂಬ ಪದ ಬಂದ ಪುಟಗಳನ್ನೆಲ್ಲ ಸಾಲಾಗಿ ಕೊಟ್ಟರೂ ಉಪಯೋಗವಿಲ್ಲ. "ಕೊಳವೆಬಾವಿ, ಜಾಗದ ಆಯ್ಕೆ, ಬತ್ತಿಹೋಗುವುದು, ಮಳೆನೀರಿನಿಂದ ಮರುಪೂರಣ" ಎಂದು ಒಡೆದು ಕೊಡಬೇಕು. ಒಂದು ಪುಟದಲ್ಲಿ ಆ ಪದ ಒಂದು ಸಲವೂ ಬರದೆ ವಿಷಯ ಪೂರ್ತಿ ಅದೇ ಆಗಿರಬಹುದು. ಅದು ಸೂಚಿಯಲ್ಲಿ ಬರಬೇಕು, ಪದ ಸುಮ್ಮನೆ ಬಂದುಹೋದ ಪುಟ ಬರಬಾರದು. ಕನ್ನಡದಲ್ಲಾದರೆ ಸೊನ್ನೆ ಇರುವ ಪದ ಎಲ್ಲಿ ನಿಲ್ಲಬೇಕು, "ಕ್ಷ"ವನ್ನು "ಕ"ದ ಕೆಳಗೇ ಇಡಬೇಕೆ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡು ಕೊನೆಯವರೆಗೆ ಪಾಲಿಸಬೇಕು.

ಸೂಚಿಯಿಲ್ಲದ ಇತಿಹಾಸದ ಪುಸ್ತಕ ನೋಡಿದಾಗಲೆಲ್ಲ ಬೇಜಾರಾಗುತ್ತದೆ. ವರ್ಷಗಟ್ಟಲೆ ದುಡಿದು ಕೂಡಿಹಾಕಿದ ವಿಷಯ ಅದರಲ್ಲೇ ಹೂತುಹೋಗಿರುತ್ತದೆ.

ಮೊದಲಸಾಲು

ಅಕಾರಾದಿ ಅವರೇ, "ನೋಡಿ" ಎಂಬ ಆ ಒಂದು ಪದದ ಹಿಂದೆ ಇಷ್ಟು ಯೋಚನೆ ಇರುತ್ತದೆ ಎಂದು ಈಗ ತಿಳಿಯಿತು. ಧನ್ಯವಾದ. ಇನ್ನು ಮೇಲೆ ಪುಸ್ತಕ ಕೊಳ್ಳುವ ಮುಂಚೆ ಮೊದಲ ಪುಟದ ಜೊತೆ ಸೂಚಿಯನ್ನೂ ನೋಡುತ್ತೇನೆ.

ಕಿವಿಯೋದು

ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶದಲ್ಲಿ, ಇಲ್ಲವೇ ಆಡಿಯೋದಲ್ಲಿ ಓದುತ್ತೇನೆ. ಓದುಗರಿಗೆ ಯಾವ ಭಾಗ ಮುಖ್ಯ ಎಂಬ ಚರ್ಚೆಯಲ್ಲಿ ಇದೂ ಸೇರಬೇಕು ಎಂದು ಬರೆಯುತ್ತಿದ್ದೇನೆ.

ನೀವು ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಪುಸ್ತಕ ಎತ್ತಿಕೊಂಡರೆ ಹೆಬ್ಬೆರಳಿನಲ್ಲಿ ಸರಸರ ಪುಟ ಹಾರಿಸಿ, ನಡುವೆ ಎಲ್ಲೋ ಕಣ್ಣಾಡಿಸಿ, ಬೆನ್ನುಡಿ ಓದಿ ಒಂದು ಅಂದಾಜಿಗೆ ಬರುತ್ತೀರಿ. ನನಗೆ ಆ ಹೆಬ್ಬೆರಳಿನ ಕೆಲಸ ಮಾಡಿಕೊಡುವುದು ಅಧ್ಯಾಯಗಳ ಶೀರ್ಷಿಕೆಗಳು. ಸ್ಕ್ರೀನ್ ರೀಡರ್‌ನಲ್ಲಿ ಒಂದು ಕೀ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹಾರಬಹುದು. ಆದರೆ ಪುಸ್ತಕ ತಯಾರಿಸಿದವರು ಅಧ್ಯಾಯದ ಹೆಸರನ್ನು ದಪ್ಪ ಅಕ್ಷರ ಮಾಡಿ, ಗಾತ್ರ ಹಿಗ್ಗಿಸಿ ಬಿಟ್ಟಿದ್ದರೆ ಕಣ್ಣಿಗೆ ಅದು ಶೀರ್ಷಿಕೆ, ಯಂತ್ರಕ್ಕೆ ಅದೂ ಒಂದು ಸಾಲು. ಹಾರಲು ಆಗುವುದಿಲ್ಲ, ಇಡೀ ಪುಸ್ತಕ ಒಂದೇ ಉದ್ದನೆಯ ದಾರವಾಗಿಬಿಡುತ್ತದೆ. ಅಡಿಟಿಪ್ಪಣಿಗಳು ಇನ್ನೊಂದು ತೊಂದರೆ. ಪುಟದ ಕೆಳಗಿರುವ ಟಿಪ್ಪಣಿಯನ್ನು ಸರಿಯಾಗಿ ಗುರುತು ಮಾಡದಿದ್ದರೆ ವಾಕ್ಯದ ಮಧ್ಯೆ ಧುತ್ತನೆ ಬಂದು ಓದಿಸಿಕೊಳ್ಳುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರಂತೂ ಪುಟಗಳೆಲ್ಲ ಬರೀ ಚಿತ್ರ, ಓಸಿಆರ್ ಮಾಡಿ ಚಿತ್ರವನ್ನು ಅಕ್ಷರಗಳಾಗಿ ತಿರುಗಿಸುವವರೆಗೆ ಒಂದಕ್ಷರವೂ ಕೇಳಿಸುವುದಿಲ್ಲ.

ಡೇಸಿ ಎಂಬ ಡಿಜಿಟಲ್ ಮಾತಾಡುವ ಪುಸ್ತಕದ ಮಾದರಿ ಬಂದದ್ದೇ ಇದಕ್ಕಾಗಿ. ಅದನ್ನು ಬೆಳೆಸಿದ ಒಕ್ಕೂಟ 1996ರಲ್ಲಿ ಶುರುವಾಯಿತು. ಕ್ಯಾಸೆಟ್ಟಿನ ಕಾಲದಲ್ಲಿ ಮುಂದೆ ಹಿಂದೆ ಸುತ್ತುತ್ತ ಕೂರಬೇಕಿತ್ತು; ಡೇಸಿಯಲ್ಲಿ ಅಧ್ಯಾಯ, ಉಪಶೀರ್ಷಿಕೆ, ಪುಟ ಹಿಡಿದು ಹೋಗಬಹುದು. ಅಚ್ಚಿನ ಪುಸ್ತಕ ಓದಲಾಗದವರಿಗೆ ಓದಬಲ್ಲ ಪ್ರತಿ ಮಾಡಿಕೊಡಲು ಹಕ್ಕುಸ್ವಾಮ್ಯದ ಕಾನೂನು ಅಡ್ಡಿಯಾಗಬಾರದು ಎಂದು 2013ರಲ್ಲಿ ಮರ್ರಾಕೇಶ್ ಒಪ್ಪಂದವಾಯಿತು, 2016ರ ಸೆಪ್ಟೆಂಬರ್ 30ರಂದು ಜಾರಿಗೆ ಬಂತು. ಹಕ್ಕು ಸಿಕ್ಕಿತು, ಶೀರ್ಷಿಕೆ ಹಾಕುವ ಶ್ರಮ ಇನ್ನೂ ಎಷ್ಟೋ ಪುಸ್ತಕಗಳಿಗೆ ಸಿಕ್ಕಿಲ್ಲ.

ನಡುಪುಟ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಕೇಳುವವರು ನಡುವಿನ ಪುಟಗಳ ಮೇಲೆ ಕಣ್ಣು ಹಾಯಿಸಿ ಹೋಗಲು ಆಗುವುದಿಲ್ಲ. ಪ್ರತಿ ವಾಕ್ಯಕ್ಕೂ ಅದರ ಹೊತ್ತು ಕೊಡಲೇಬೇಕು. ಮೂರನೇ ಸಲ ಹೇಳಿದ ಮಾತು ಕಣ್ಣಿನಿಂದ ಜಾರಿಹೋದೀತು, ಕಿವಿಯಿಂದ ಜಾರುವುದಿಲ್ಲ. ಲೇಖಕರು ಎಲ್ಲಿ ನಿಂತಿದ್ದಾರೆ, ಎಲ್ಲಿ ಸುಮ್ಮನೆ ಪುಟ ತುಂಬಿಸಿದ್ದಾರೆ ಎಂಬುದು ನಮಗೆ ಬೇಗ ಗೊತ್ತಾಗುತ್ತದೆ.

ನಡುಪುಟ

ಕಿವಿಯೋದು ಅವರೇ, ಇದನ್ನು ಬರೆದದ್ದಕ್ಕೆ ತುಂಬಾ ಸಂತೋಷ. ನಿಂತ ಪುಟಕ್ಕೂ ತುಂಬಿಸಿದ ಪುಟಕ್ಕೂ ಇರುವ ವ್ಯತ್ಯಾಸವನ್ನು ನಾನು ಬಿಡಿಸಿ ಹೇಳಬೇಕಿತ್ತು, ನೀವು ಹೇಳಿದಿರಿ. ನಿಧಾನ ಎಂದ ಮಾತ್ರಕ್ಕೆ ಒಳ್ಳೆಯದು ಅಂತ ಖಂಡಿತ ಅಲ್ಲ.

ಮರುನುಡಿ

ಅನುವಾದ ಓದುವವರ ಪರವಾಗಿ ಎರಡು ಮಾತು. ರಷ್ಯನ್ ಕಾದಂಬರಿಯಲ್ಲಿ ಒಬ್ಬನೇ ಮನುಷ್ಯನಿಗೆ ಸ್ವಂತ ಹೆಸರು, ತಂದೆಯ ಹೆಸರಿನಿಂದ ಬಂದ ಹೆಸರು, ಮನೆತನದ ಹೆಸರು, ಮೇಲೆ ಮುದ್ದಿನ ಹೆಸರು. ಕಚೇರಿಯಲ್ಲಿ ಅಲೆಕ್ಸಾಂಡರ್ ಆದವನು ಮನೆಯಲ್ಲಿ ಸಾಶಾ. ಇವರಿಬ್ಬರೂ ಒಬ್ಬರೇ ಎಂದು ಗೊತ್ತಾಗದೆ ಎಷ್ಟು ಓದುಗರು ಪುಸ್ತಕ ಮುಚ್ಚಿಟ್ಟಿರುತ್ತಾರೋ! ಅಂಥ ಪುಸ್ತಕದಲ್ಲಿ ನನ್ನ ಬೆರಳು ಸದಾ ಇರುವುದು ಆರಂಭದ ಪಾತ್ರಪರಿಚಯದ ಪುಟದಲ್ಲಿ. ನಾಲ್ಕು ತಲೆಮಾರಿನ ಕಥೆಯಾದರೆ ವಂಶವೃಕ್ಷ.

ಆ ಪಟ್ಟಿ ಮಾಡುವಾಗ ಒಂದು ಎಚ್ಚರ ಬೇಕು. "ಇವನ ಎರಡನೇ ಹೆಂಡತಿ" ಎಂದು ಬರೆದುಬಿಟ್ಟರೆ ಮೊದಲನೆಯವಳು ಏನಾದಳು ಎಂಬ ಗುಟ್ಟು ಅಲ್ಲೇ ಒಡೆದುಹೋಯಿತು. ಕಥೆ ಶುರುವಾಗುವ ಹೊತ್ತಿಗೆ ಗೊತ್ತಿರಬೇಕಾದದ್ದನ್ನು ಮಾತ್ರ ಹಾಕಬೇಕು.

ಮುನ್ನುಡಿಗೂ ಇದೇ ಮಾತು. ಬೇರೆಯವರು ಬರೆದ ಮುನ್ನುಡಿಯಲ್ಲಿ ಕಥೆಯನ್ನು ಪೂರ್ತಿ ಬಿಚ್ಚಿಟ್ಟು ವಿಮರ್ಶೆ ಮಾಡಿರುತ್ತಾರೆ. ಎಷ್ಟೇ ಒಳ್ಳೆಯ ವಿಮರ್ಶೆಯಾದರೂ ಅದರ ಜಾಗ ಕಾದಂಬರಿಯ ಹಿಂದೆ. ನಾನು ಮುನ್ನುಡಿಗಳನ್ನೆಲ್ಲ ಕೊನೆಗೆ ಓದುತ್ತೇನೆ, ಆಗ ಅವು ಜೊತೆಗೆ ಕೂತು ಚರ್ಚೆ ಮಾಡಿದಷ್ಟು ಖುಷಿ ಕೊಡುತ್ತವೆ.

ನೆನಪಿನಂಗಳ

ಮುನ್ನುಡಿ ಬಗ್ಗೆ ನೂರಕ್ಕೆ ನೂರು ಒಪ್ಪಿಗೆ.

ಮೊದಲಕರಡು

ಎಲ್ಲರಿಗೂ ನಮಸ್ಕಾರ. ನಾನು ಮೊದಲ ಕಾದಂಬರಿ ಬರೆಯುತ್ತಿದ್ದೇನೆ, ಕರಡು 240 ಪುಟ ಆಗಿದೆ. ಒಡಹುಟ್ಟಿದ ಇಬ್ಬರು ಮನೆ ಪಾಲು ಮಾಡಿಕೊಂಡು ಒಂದೇ ಕಟ್ಟಡದ ಎರಡು ಭಾಗಗಳಲ್ಲಿ ಬದುಕುವ ಕಥೆ. ಆರಂಭವನ್ನು ಸಾಕಷ್ಟು ತಿದ್ದಿದ್ದೇನೆ, ಕೊನೆಯೂ ನನಗೆ ಒಪ್ಪಿಗೆಯಾಗಿದೆ. ಪ್ರಕಾಶಕರಿಗೆ ಕೊಡಲು ಇನ್ನು ಸ್ವಲ್ಪವೇ ಸಮಯ ಇದೆ. ಈ ಚರ್ಚೆ ಓದಿದ ಮೇಲೆ ನಡುವಿನ ಭಾಗ ಮತ್ತೆ ನೋಡಬೇಕು ಅನ್ನಿಸುತ್ತಿದೆ. ಎಲ್ಲಿಂದ ಹಿಡಿಯಲಿ, ಏನು ಹುಡುಕಲಿ? ಸಂಪಾದನೆ ಬಲ್ಲವರು ಹೇಳಿದರೆ ಉಪಕಾರ.

ಕೆಂಪುಶಾಯಿ

ಕಾದಂಬರಿಗಳ ಕರಡು ತಿದ್ದುವುದು ನನ್ನ ಕೆಲಸ, ನಾನು ಮಾಡುವ ಕ್ರಮ ಹೇಳುತ್ತೇನೆ. 80ರಿಂದ 180ರವರೆಗಿನ ಪುಟಗಳನ್ನು ಮುದ್ರಿಸಿಕೊಳ್ಳಿ. ಪರದೆಯ ಮೇಲೆ ಬೇಡ, ಅಲ್ಲಿ ಕಣ್ಣು ಓಡುತ್ತದೆ. ಕಾಲ ಹಾರಿದ ಪ್ರತಿ ಜಾಗಕ್ಕೂ ಗುರುತು ಹಾಕಿ: "ಮರುದಿನ", "ಕೆಲವು ವಾರಗಳ ನಂತರ", "ಹೀಗೇ ವರ್ಷ ಉರುಳಿತು". ಎಲ್ಲ ಹಾರಿಕೆಯೂ ತಪ್ಪಲ್ಲ. ಪ್ರತಿಯೊಂದರ ಪಕ್ಕದಲ್ಲೂ, ಹಾರಿಸಿದ ಕಾಲದಲ್ಲಿ ಓದುಗರು ಏನು ನೋಡಲು ಬಯಸುತ್ತಿದ್ದರು ಎಂದು ಒಂದು ಸಾಲು ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಹಾರಿದ್ದೇ ಸರಿ.

ನಿಮ್ಮ ಕಥೆಯನ್ನೇ ತೆಗೆದುಕೊಳ್ಳೋಣ. "ಪಾಲಾದ ಮೇಲೆ ಇಬ್ಬರ ನಡುವೆ ಮಾತು ನಿಂತಿತು" ಎಂಬ ಸಾಲು ಎಲ್ಲೋ ಇದ್ದೇ ಇರುತ್ತದೆ. ಆ ಮಾತು ನಿಂತ ಮೊದಲ ರಾತ್ರಿ ಹೇಗಿತ್ತು? ಇಷ್ಟು ವರ್ಷ ಗೇಟಿಗೆ ಬೀಗ ಹಾಕುತ್ತಿದ್ದವರು ಯಾರು? ಇವತ್ತು ಅಣ್ಣ ಒಳಗಿನಿಂದ ಕಾಯುತ್ತಿದ್ದಾನೆ, ತಮ್ಮ ಹಾಕಲಿ ಎಂದು. ತಮ್ಮನೂ ಕಾಯುತ್ತಿದ್ದಾನೆ. ನೀರಿನ ಮೋಟಾರಿನ ಸ್ವಿಚ್ಚು ಯಾರ ಭಾಗದ ಗೋಡೆಯಲ್ಲಿದೆ? ಟ್ಯಾಂಕು ತುಂಬಿ ಸುರಿಯುವ ಸದ್ದು ಇಬ್ಬರಿಗೂ ಕೇಳಿಸುತ್ತದೆ, ಎದ್ದು ಹೋಗಿ ಆರಿಸುವವರು ಯಾರು? ಇದು ಕಥೆಗೆ ಅಲಂಕಾರವಾಗಿ ಬರುವುದಿಲ್ಲ. ಕೊನೆಯಲ್ಲಿ ಅವರು ಮಾತಾಡಿದರೂ, ಆಡದೇ ಹೋದರೂ ಅದರ ತೂಕ ಓದುಗರಿಗೆ ತಟ್ಟಬೇಕಾದರೆ ಆ ಮೌನದಲ್ಲಿ ಒಂದು ರಾತ್ರಿಯಾದರೂ ಅವರು ಕಳೆದಿರಬೇಕು.

ಇನ್ನೆರಡು ಸಂಗತಿ. ಓದುಗರಿಗೆ ಆಗಲೇ ಗೊತ್ತಿರುವುದನ್ನು ಒಂದು ಪಾತ್ರ ಇನ್ನೊಂದಕ್ಕೆ ವಿವರಿಸುವ ಸಂಭಾಷಣೆಗಳು ನಡುವಿನ ಭಾಗದಲ್ಲೇ ಹೆಚ್ಚು ಸೇರಿಕೊಳ್ಳುತ್ತವೆ. ಬರೆಯುವವರಿಗೇ ದಾರಿ ತಪ್ಪಿದಾಗ ಹಿಂದಿನದನ್ನು ನೆನಪು ಮಾಡಿಕೊಳ್ಳಲು ಹಾಗೆ ಬರೆಯುತ್ತಾರೆ. ಕರಡಿನಲ್ಲಿ ಅದು ಬೇಕಿತ್ತು, ಪುಸ್ತಕದಲ್ಲಿ ಬೇಡ. ಮತ್ತೆ, ಅಧ್ಯಾಯಗಳ ಕೊನೆಯ ವಾಕ್ಯ ನೋಡಿ. ಅದುವರೆಗೆ ತೋರಿಸಿದ್ದನ್ನೇ ಮತ್ತೊಮ್ಮೆ ಬಿಡಿಸಿ ಹೇಳುವ ವಾಕ್ಯವಾದರೆ ತೆಗೆದುಬಿಡಿ. ನಾನು ಹೊಡೆದುಹಾಕುವ ವಾಕ್ಯಗಳಲ್ಲಿ ಇವೇ ಹೆಚ್ಚು.

ಇರುಳೋದು

ಟ್ಯಾಂಕು ತುಂಬಿ ಸುರಿಯುವ ಸದ್ದು! ಆ ಕಾದಂಬರಿ ಈಗಲೇ ಓದಬೇಕು ಅನ್ನಿಸಿತು. ಕೊನೆಯ ಪರವಾಗಿ ನಾನು ಹೇಳಿದ್ದನ್ನು ಬಿಟ್ಟುಕೊಡುವುದಿಲ್ಲ, ಆದರೆ ಆ ರಾತ್ರಿ ಬರೆಯದೆ ಕೊನೆ ಬರೆಯಬಾರದು.

ಮೊದಲಕರಡು

ಕೆಂಪುಶಾಯಿ ಅವರೇ, ಮೋಟಾರಿನ ಸ್ವಿಚ್ಚು ಯಾರ ಕಡೆ ಇದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅದು ಅಣ್ಣನ ಕಡೆ, ಟ್ಯಾಂಕು ತಮ್ಮನ ಕಡೆಯ ತಾರಸಿಯ ಮೇಲೆ. ಹೀಗೆ ಗೊತ್ತುಮಾಡಿದ ಕೂಡಲೇ ಒಂದು ಇಡೀ ಅಧ್ಯಾಯ ಕಣ್ಣಿಗೆ ಬಂತು. ಇವತ್ತೇ ಮುದ್ರಿಸಿಕೊಳ್ಳುತ್ತೇನೆ.

ಕಿವಿಯೋದು ಅವರಿಗೆ ಒಂದು ಪ್ರಶ್ನೆ. ನನ್ನ ಅಧ್ಯಾಯಗಳಿಗೆ ಹೆಸರಿಲ್ಲ, ಬರೀ 1, 2, 3 ಎಂದು ಹಾಕಿದ್ದೇನೆ. ಅದೂ ದಪ್ಪ ಅಕ್ಷರದಲ್ಲಿ! ನಿಮಗೆ ಅನುಕೂಲವಾಗುವಂತೆ ಕರಡಿನಲ್ಲೇ ಏನು ಮಾಡಬಹುದು?

ಕಿವಿಯೋದು

ಕೇಳಿದ್ದಕ್ಕೆ ಧನ್ಯವಾದ. ವರ್ಡ್ ಆಗಲಿ, ಲಿಬ್ರೆಆಫೀಸ್ ಆಗಲಿ, ಅಧ್ಯಾಯದ ಸಾಲಿಗೆ ಸ್ಟೈಲ್‌ಗಳ ಪಟ್ಟಿಯಿಂದ "ಹೆಡಿಂಗ್ 1" ಕೊಡಿ. ಗಾತ್ರ, ದಪ್ಪ ಎಲ್ಲ ಆ ಸ್ಟೈಲ್‌ನಲ್ಲೇ ಬದಲಿಸಿಕೊಳ್ಳಬಹುದು, ಕಣ್ಣಿಗೆ ಈಗಿನ ಹಾಗೆಯೇ ಕಾಣುತ್ತದೆ. ಭಾಗಗಳಾಗಿ ಒಡೆದಿದ್ದರೆ ಭಾಗಕ್ಕೆ 1, ಅಧ್ಯಾಯಕ್ಕೆ 2. ಹೊಸ ಪುಟಕ್ಕೆ ಹೋಗಲು ಎಂಟರ್ ಒತ್ತುತ್ತ ಹೋಗಬೇಡಿ, ಪೇಜ್ ಬ್ರೇಕ್ ಹಾಕಿ. ಇಲ್ಲದಿದ್ದರೆ "ಖಾಲಿ, ಖಾಲಿ" ಎಂದು ಕೇಳಬೇಕಾಗುತ್ತದೆ. ಅಡಿಟಿಪ್ಪಣಿ ಇದ್ದರೆ ಸಂಖ್ಯೆಯನ್ನು ಕೈಯಲ್ಲಿ ಬರೆಯದೆ ಅದಕ್ಕೆಂದೇ ಇರುವ ಆಯ್ಕೆಯಿಂದ ಸೇರಿಸಿ. ಇ-ಪಬ್, ಅಂದರೆ ಇ-ಪುಸ್ತಕ ಮಾಡುವವರಿಗೂ ಇದೇ ಕಡತ ಹೋಗುವುದರಿಂದ ಅಲ್ಲೂ ಉಳಿಯುತ್ತದೆ.

ಅಧ್ಯಾಯಗಳಿಗೆ ಹೆಸರು ಕೊಟ್ಟರೆ ನನಗೆ ಇನ್ನೂ ಒಳ್ಳೆಯದು. 14 ಎಂದರೆ ಯಾವುದಿತ್ತು ಎಂದು ನೆನಪಾಗುವುದಿಲ್ಲ. "ಟ್ಯಾಂಕು" ಎಂದಿದ್ದರೆ ಮತ್ತೆ ಓದಬೇಕೆನಿಸಿದಾಗ ನೇರ ಅಲ್ಲಿಗೇ ಹೋಗುತ್ತೇನೆ. ಆದರೆ ಕಥೆಗೆ ಹೆಸರು ಹೊಂದದಿದ್ದರೆ ಅಂಕಿಗಳೇ ಇರಲಿ, ಹೆಡಿಂಗ್ ಸ್ಟೈಲ್ ಮಾತ್ರ ಮರೆಯಬೇಡಿ.